ಜವೆಗೋಧಿಯ ಮದ್ಯ ಮತ್ತು ಗೆಳೆಯರ ಪ್ರವಾಸ

ರಜೆಯ ದಿನ ನಗರಕ್ಕೆ ಹೋಗಿ, ಬಿಯರನ್ನು ತಾವೇ ತಯಾರಿಸಿ ಮಾರುವ ಹೋಟೆಲುಗಳನ್ನು ಸುತ್ತಿಬರಲು ಗೆಳೆಯರು ಕರೆಯುತ್ತಾರೆ. ಕುಡಿಯದೆ ಜೊತೆಗೆ ಹೋಗಬಹುದೇ ಎಂದು ಇಳಕಲ್, ಹುನಗುಂದದ ಯುವಕರು ಜುಮಾ ಬಳಿಕ ನಮ್ಮನ್ನು ಕೇಳಿದರು.

ಬಿಯರ್ ದ್ರಾಕ್ಷಿಯದ್ದಲ್ಲ, ಹಗುರವಾದದ್ದು ಎಂಬ ವಾದವಿದೆ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯ ಸಿಹಿ ರಸ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಸಕ್ಕರೆಯೇ ಮದ್ಯಸಾರವಾಗುತ್ತದೆ. ಯಮನ್‌ನ ಜನ ಜವೆಗೋಧಿಯಿಂದ ಮಾಡುತ್ತಿದ್ದ 'ಮಿಝ್ರ್' ಬಗ್ಗೆ ಅಬೂ ಮೂಸಾ(ರ) ವಿಚಾರಿಸಿದಾಗ ಪ್ರವಾದಿವರ್ಯರು(ಸ) ಅಮಲೇರಿಸುವ ಎಲ್ಲವನ್ನೂ ನಿಷಿದ್ಧಗೊಳಿಸಿದರು. ಹುಳಿ ಬಂದದ್ದೆಲ್ಲ ಹರಾಮ್ ಅಲ್ಲ. ನಮ್ಮ ಜೋಳದ ಅಂಬಲಿ ಹುಳಿಯಾದರೂ ಅಮಲೇರಿಸದು. ಬೆಳಿಗ್ಗೆ ನೆನೆಸಿದ ಖರ್ಜೂರದ ನಬೀಝನ್ನು ಪ್ರವಾದಿವರ್ಯರು(ಸ) ಸಂಜೆ ಸೇವಿಸುತ್ತಿದ್ದರು.

ಮದ್ಯ ಹಂಚುವ ಪಂಕ್ತಿಯಲ್ಲಿ ಕೂರುವುದನ್ನೂ ತಿರ್ಮಿದಿಯ ಹದೀಸ್ ತಡೆಯುತ್ತದೆ. "ಗಾಡಿ ಹೊಡ್ಯಾಕ ಕುಡಿಲಾರದಾಂವ ಒಬ್ಬ ಬೇಕಲ್ರಿ" ಎಂದನೊಬ್ಬ ಹುಡುಗ. ಈ ಮಾತು ನಮ್ಮನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಹೊರಡುವ ಮೊದಲೇ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಬಾದಾಮಿಯ ಗುಹೆಗಳಿಗೆ, ಅಗಸ್ತ್ಯ ತೀರ್ಥದ ದಂಡೆಗೆ ನೀವೇ ಅವರನ್ನು ಕರೆಯಿರಿ. ಆದರೂ ಹೋದವರು ರಾತ್ರಿ ಫೋನ್ ಮಾಡಿ, ಗಾಡಿ ನಡೆಸುವ ಸ್ಥಿತಿಯಲ್ಲಿಲ್ಲ ಎಂದರೆ, ನಮ್ಮ ಅಭಿಪ್ರಾಯದಲ್ಲಿ, ಹೋಗಿ ಅವರನ್ನು ಮನೆಗೆ ತಲುಪಿಸಿ. ಉಪದೇಶ ಮರುದಿನಕ್ಕಿರಲಿ.