ಹಳೆಯ ಪೈಪಿನ ಮೇಲೆ ಹೊಸ ಮ್ಯಾನ್‌ಹೋಲ್ ಕೂರಿಸುವುದು ಕಳಪೆ ಕಾಮಗಾರಿಯೇ?

ಬುಡದಲ್ಲಿ ಕಮಾನಿನಂತೆ ಕಿಂಡಿ ಬಿಟ್ಟ ಕಾಂಕ್ರೀಟ್ ರಿಂಗನ್ನು ಹಳೆಯ ಒಳಚರಂಡಿ ಪೈಪಿನ ಮೇಲೆ ಇಳಿಸುವುದನ್ನು ಕಂಡರೆ ‘ಕಳಪೆ ಕೆಲಸ’ ಎಂದು ಫಾರ್ವರ್ಡ್ ಮಾಡಬೇಡಿ. ಕಿಂಡಿ ಬೇಕೆಂದೇ ಬಿಟ್ಟದ್ದು. ನಾಯಿಗೂಡಿನ ಬಾಗಿಲಂತೆ ಕಾಣುವುದರಿಂದ ಇದಕ್ಕೆ ‘ಡಾಗ್‌ಹೌಸ್ ಮ್ಯಾನ್‌ಹೋಲ್’ ಎಂದೇ ಹೆಸರು! ಪೈಪಿನ ಸುತ್ತ, ಕೆಳಗೂ ಅಗೆದು, ರಿಂಗ್ ಕೂರಿಸಿ, ತಳಕ್ಕೆ ಕಾಂಕ್ರೀಟ್ ಸುರಿದು, ಸಂದು ಮುಚ್ಚುತ್ತಾರೆ. ಅಲ್ಲಿಯವರೆಗೂ ಕೊಳಚೆ ಪೈಪಿನೊಳಗೇ ಹರಿಯುತ್ತಿರುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲಷ್ಟೇ ಪೈಪಿನ ಮೇಲರ್ಧ ಕತ್ತರಿಸುವುದು. ಕೆಳಗಿನರ್ಧ ಕಾಲುವೆಯಾಗಿ ಉಳಿಯುತ್ತದೆ.

ನಮಗೆ ಆತಂಕವಿರುವುದು ಈ ಕತ್ತರಿಸುವ ಹಂತದ ಬಗ್ಗೆ. ‘ವಾಸನೆಯೇ ಇಲ್ಲ, ಇಳಿಯಬಹುದು’ ಎಂಬ ನಂಬಿಕೆ ಜೀವ ತೆಗೆಯಬಲ್ಲದು. ಹೈಡ್ರೋಜನ್ ಸಲ್ಫೈಡ್ ಅನಿಲ ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗೇ ಮರಗಟ್ಟಿ, ಕೊಳೆತ ಮೊಟ್ಟೆಯ ಆ ವಾಸನೆ ತಿಳಿಯುವುದಿಲ್ಲ. ಮೀಟರಿನಿಂದ ಅನಿಲ ಅಳೆಯದೆ, ಗಾಳಿ ಹಾಯಿಸದೆ ಯಾರನ್ನಾದರೂ ಇಳಿಸುತ್ತಿದ್ದರೆ ಫೋಟೊ ತೆಗೆಯುವ ಮೊದಲು ಕೆಲಸ ನಿಲ್ಲಿಸಲು ಹೇಳಿ.