ವೆಲ್ಲೆಸ್ಲಿ ಸೇತುವೆ

ವೆಲ್ಲೆಸ್ಲಿ ಸೇತುವೆಯು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಸೇತುವೆ. ಚನ್ನಪಟ್ಟಣ, ಮಂಡ್ಯಗಳ ಮೂಲಕ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯ ಸಮೀಪದಲ್ಲಿದೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಪೂರ್ಣಗೊಂಡಿತು.

ರಚನೆ

ಇದರಲ್ಲಿ ಕಮಾನುಗಳಿಲ್ಲ. ಸಾಲಾಗಿ ನಿಲ್ಲಿಸಿದ ಕಲ್ಲುಕಂಬಗಳ ಮೇಲೆ ಬೋದಿಗೆಗಳನ್ನೂ ಅವುಗಳ ಮೇಲೆ ಕಲ್ಲುತೊಲೆಗಳನ್ನೂ ಇರಿಸಲಾಗಿದೆ. ಬೋದಿಗೆಗಳು ಎರಡೂ ಬದಿಗೆ ಚಾಚಿರುವುದರಿಂದ ತೊಲೆಗಳು ದಾಟಬೇಕಾದ ಅಂತರ ಕಡಿಮೆಯಾಗುತ್ತದೆ. ಇದು ದೇವಾಲಯದ ಮಂಟಪಗಳಲ್ಲಿ ಕಾಣುವ ವಿಧಾನ.

ಸಾಂಕೇತಿಕತೆ

ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಐದು ವರ್ಷಗಳಲ್ಲಿಯೇ ಅವನ ರಾಜಧಾನಿಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿನ ಸೇತುವೆ ನಿಂತಿತು. ಅದನ್ನು ಕಟ್ಟಿಸಿದ ಪೂರ್ಣಯ್ಯನವರು ಹಿಂದೆ ಟಿಪ್ಪುವಿನ ಮಂತ್ರಿಯಾಗಿದ್ದವರು. ಹೆಸರು ಹೊಸ ಅಧಿಕಾರವನ್ನು ಸೂಚಿಸಿದರೆ, ರಚನೆಯು ನಾಡಿನ ಕಲ್ಲುಕೆಲಸದ ಪರಂಪರೆಯನ್ನು ಉಳಿಸಿಕೊಂಡಿದೆ. ಸೇತುವೆಯನ್ನು ಸಂಕೇತವಾಗಿ ವಿನ್ಯಾಸಗೊಳಿಸುವ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವು ಅಧ್ಯಯನಯೋಗ್ಯವಾಗಿದೆ.