ಹೊಳೆಯಾಚೆಯ ರೂಪಾಯಿ

ನೆರೆದೇಶಗಳ ನಾಣ್ಯವೆಂದೊಡನೆ ನಮ್ಮ ಮನಸ್ಸು ದೂರದ ಗಡಿಗಳತ್ತ ಓಡುತ್ತದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಹಿರಿಯರಿಗೆ ಪರರಾಜ್ಯದ ನಾಣ್ಯವು ಒಂದು ಹೊಳೆಯಷ್ಟೇ ದೂರದಲ್ಲಿತ್ತು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಪ್ರದೇಶವು 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. 1953ರವರೆಗೂ ಮದ್ರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣದ ಮೈಸೂರು ಸಂಸ್ಥಾನದಲ್ಲಿಯೂ ಪಶ್ಚಿಮದ ಮುಂಬಯಿ ಪ್ರಾಂತ್ಯದಲ್ಲಿಯೂ ನಮ್ಮಲ್ಲಿದ್ದ ಬ್ರಿಟಿಷ್ ರೂಪಾಯಿಯೇ ನಡೆಯುತ್ತಿತ್ತು. ಉತ್ತರದಲ್ಲಿ ತುಂಗಭದ್ರೆಯನ್ನು ದಾಟಿ ಕೊಪ್ಪಳದ ನೆಲವನ್ನು ಮೆಟ್ಟಿದರೆ ಮಾತ್ರ ಹಣ ಬದಲಾಗುತ್ತಿತ್ತು. ಅದು ಹೈದರಾಬಾದ್ ಸಂಸ್ಥಾನ. ಅಲ್ಲಿಯದು ಚಾರ್‌ಮಿನಾರಿನ ಚಿತ್ರವುಳ್ಳ 'ಹಾಲಿ ಸಿಕ್ಕಾ' ರೂಪಾಯಿ. ಬ್ರಿಟಿಷ್ ರೂಪಾಯಿಯನ್ನು ಅಲ್ಲಿಯವರು 'ಕಲ್ದಾರ್' ಎನ್ನುತ್ತಿದ್ದರು. 1918ರಿಂದ ನಿಜಾಮ ಸರಕಾರವು ನೋಟುಗಳನ್ನೂ ಹೊರಡಿಸಿತು. ಅವುಗಳ ಮೇಲೆ ಉರ್ದು, ತೆಲುಗು, ಮರಾಠಿಗಳೊಡನೆ ಕನ್ನಡದಲ್ಲಿಯೂ ಬೆಲೆಯನ್ನು ಅಚ್ಚು ಮಾಡಲಾಗಿತ್ತು.

ಎರಡೂ ರೂಪಾಯಿಗಳಿಗೆ ಹದಿನಾರು ಆಣೆ. ಹೆಸರೂ ಒಂದೇ, ಲೆಕ್ಕವೂ ಒಂದೇ. ಬೆಲೆ ಮಾತ್ರ ಬೇರೆ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬುದು ದರ. ಹೊಳೆಯಾಚೆಯವನಿಗೆ ಎತ್ತನ್ನು ಮಾರಿ, ಕೇಳದೆ ನೋಡದೆ ಎಪ್ಪತ್ತು ಹಾಲಿ ಎಣಿಸಿಕೊಂಡ ರೈತನು ತನ್ನ ಊರಿಗೆ ತಂದದ್ದು ಅರವತ್ತೇ ರೂಪಾಯಿ! ಆ ಹತ್ತು ರೂಪಾಯಿ ಅವನ ಅರಿಯದಿರುವಿಕೆಗೆ ತೆತ್ತ ದಂಡ.

1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಕೆಲವು ಕಾಲ ಎರಡೂ ಹಣಗಳು ಜೊತೆಯಾಗಿ ಚಲಾವಣೆಯಲ್ಲಿದ್ದು, 1959ರಲ್ಲಿ ಹಾಲಿ ಸಿಕ್ಕಾ ರದ್ದಾಯಿತು. ಬೆಳ್ಳಿಯ ನಾಣ್ಯಕ್ಕೆ ಬೆಳ್ಳಿಯ ಬೆಲೆಯಾದರೂ ಉಳಿಯಿತು. ಪೆಟ್ಟಿಗೆಯ ತಳದಲ್ಲಿ ಮರೆತಿಟ್ಟ ನೋಟು ಬರಿಯ ಕಾಗದವಾಯಿತು.

ಇಂದು ನಮ್ಮ ದೇಶದ ನೆರೆಯಲ್ಲಿಯೂ ಇದೇ ಪಾಠವಿದೆ. ಬಾಂಗ್ಲಾದೇಶದ ಟಾಕಾ, ಮ್ಯಾನ್ಮಾರಿನ ಕ್ಯಾತ್, ಚೀನದ ಯುವಾನ್, ಅಫ್ಘಾನಿಸ್ತಾನದ ಅಫ್ಘಾನಿ, ಮಾಲ್ಡೀವ್ಸಿನ ರುಫಿಯಾ, ಇವು ಹೆಸರಿನಿಂದಲೇ ಬೇರೆಯೆಂದು ತಿಳಿಯುತ್ತವೆ. ಭೂತಾನವು 1974ರಲ್ಲಿ ಆರಂಭಿಸಿದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಪಾಕಿಸ್ತಾನ, ಶ್ರೀಲಂಕಾ, ನೇಪಾಳಗಳ ಹಣಕ್ಕೆ ಮಾತ್ರ ರೂಪಾಯಿ ಎಂದೇ ಹೆಸರು. ಎಡವುವುದು ಅಲ್ಲಿಯೇ.

ಕಾಶಿಯಾತ್ರೆಗೆ ಹೋದ ನಮ್ಮ ಅನೇಕರು ಪಶುಪತಿನಾಥನ ದರ್ಶನಕ್ಕಾಗಿ ನೇಪಾಳಕ್ಕೂ ಹೋಗಿಬರುತ್ತಾರೆ. 1993ರಿಂದ ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ ಎಂಬ ದರ ಸ್ಥಿರವಾಗಿದೆ. ಅಲ್ಲಿಯ ಅಂಗಡಿಯವರು ನಮ್ಮ ಹಣವನ್ನು 'ಐ.ಸಿ.' ಎಂದೂ ತಮ್ಮದನ್ನು 'ಎನ್.ಸಿ.' ಎಂದೂ ಕರೆಯುತ್ತಾರೆ. ಶಾಲಿನ ಬೆಲೆ ಎಂಟುನೂರು ಎಂದರೆ, ಯಾವ ಎಂಟುನೂರು ಎಂದು ಕೇಳಬೇಕು. ನೇಪಾಳಿ ಹಣವಾದರೆ ನಾವು ಕೊಡಬೇಕಾದದ್ದು ಐನೂರು ಮಾತ್ರ. ಕೇಳಲು ಸಂಕೋಚಪಟ್ಟವರಿಗೆ ಮುನ್ನೂರು ನಷ್ಟ. ಯಾವ ಮುಖಬೆಲೆಯ ನೋಟುಗಳನ್ನು ಒಯ್ಯಬಹುದೆಂಬುದನ್ನು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಚಾರ್‌ಮಿನಾರಿನ ನಾಣ್ಯವೊಂದು ಇದ್ದರೆ ಅದನ್ನು ಮಕ್ಕಳ ಕೈಗಿತ್ತು ಏಳು ಮತ್ತು ಆರರ ಲೆಕ್ಕ ಹೇಳಿರಿ. ದುಡಿದು ಗಳಿಸುವುದೊಂದು ಬಗೆಯ ಎಚ್ಚರ. ಗಳಿಸಿದ್ದರ ಬೆಲೆಯನ್ನು ಅರಿಯುವುದು ಮತ್ತೊಂದು ಬಗೆಯ ಎಚ್ಚರ. ಎರಡೂ ಇದ್ದ ಮನೆಯಲ್ಲಿಯೇ ಹಣ ನಿಲ್ಲುತ್ತದೆ.